ಯಂತ್ರಶಾಲೆಯ ಗಾಳಿಯೂ ಗಾಳಿಯೊಳಗಿನ ನೀರೂ

ಪುಣೆಯಿಂದ ಸೊಲ್ಲಾಪುರದ ಮಾರ್ಗವಾಗಿ ಹೈದರಾಬಾದಿಗೆ ಸಾಗುವ ಹೆದ್ದಾರಿಯು ಬೀದರ ಜಿಲ್ಲೆಯನ್ನು ಹಾಯುವಲ್ಲಿ, ಬಸವಕಲ್ಯಾಣದ ಸಸ್ತಾಪುರ ಬಂಗ್ಲಾದ ಸುತ್ತಿನಲ್ಲಿಯೂ ಹುಮನಾಬಾದಿನ ಆಸುಪಾಸಿನಲ್ಲಿಯೂ ಲಾರಿಗಳನ್ನು ದುರಸ್ತಿಮಾಡುವ ಗ್ಯಾರೇಜುಗಳು, ವೆಲ್ಡಿಂಗ್ ಅಂಗಡಿಗಳು, ಲೇತುಗಳನ್ನಿಟ್ಟ ತಗಡಿನ ಶೆಡ್ಡುಗಳು ಕಾಣಸಿಗುತ್ತವೆ. ವೈಶಾಖದ ನಡುಹಗಲಿನಲ್ಲಿ ಅಂಥ ತಗಡಿನ ಕೆಳಗೆ ನಿಂತು ಕಬ್ಬಿಣ ಕೊರೆಯುವವನಿಗೆ ತಂಪನ್ನು ಒದಗಿಸುವುದು ವಿಲಾಸದ ಮಾತಲ್ಲ. ಹಗ್ಗ ಹೊಸೆಯುತ್ತಿದ್ದ ಚಂದಯ್ಯನನ್ನೂ ಬಿದಿರು ಹೆಣೆಯುತ್ತಿದ್ದ ಕೇತಯ್ಯನನ್ನೂ ಶರಣರೆಂದು ಗೌರವಿಸಿದ ಕಲ್ಯಾಣದಲ್ಲಿ ದುಡಿಯುವವನ ದೇಹಸ್ವಾಸ್ಥ್ಯವನ್ನು ಕುರಿತು ಯೋಚಿಸುವುದು ಯುಕ್ತವೇ ಆಗಿದೆ. ಆದರೆ ಇಂದು ಯಾವ ಕಾರ್ಖಾನೆಯವರು ಏ.ಸಿ. ಕೊಳ್ಳಲು ಹೊರಟರೂ ಅವರು ಕೇಳುವ ಮೊದಲ ಪ್ರಶ್ನೆ "ಎಷ್ಟು ತಂಪು ಮಾಡುತ್ತದೆ?" ಎಂಬುದು, ಕೇಳಬೇಕಾದ ಪ್ರಶ್ನೆಯಾದರೋ "ಎಷ್ಟು ನೀರನ್ನು ಹೊರಗೆ ಹಾಕುತ್ತದೆ?" ಎಂಬುದು.

ಈ ಯಂತ್ರದ ಜನ್ಮವೃತ್ತಾಂತವೇ ಈ ಮಾತಿಗೆ ಸಾಕ್ಷಿ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಮುದ್ರಣಾಲಯವಿತ್ತು. ಬೇಸಿಗೆಯ ತೇವಕ್ಕೆ ಅಲ್ಲಿಯ ಕಾಗದವು ಹಿಗ್ಗಿ, ಒಂದರ ಮೇಲೊಂದು ಬೀಳಬೇಕಾದ ಬಣ್ಣಗಳು ಸ್ಥಾನ ತಪ್ಪಿ ಬೀಳುತ್ತಿದ್ದುವು. ಆ ದೋಷವನ್ನು ನಿವಾರಿಸಲು ವಿಲ್ಲಿಸ್ ಕ್ಯಾರಿಯರ್ ಎಂಬ ಇಪ್ಪತ್ತೈದು ವರ್ಷದ ಎಂಜಿನಿಯರು ತಣ್ಣನೆಯ ಕೊಳವೆಗಳ ಮೇಲೆ ಗಾಳಿಯನ್ನು ಹಾಯಿಸಿ ಅದರ ತೇವವನ್ನು ಇಳಿಸುವ ಉಪಾಯವನ್ನು ರಚಿಸಿದನು. ಮನುಷ್ಯರಿಗೆ ಸುಖವುಂಟಾದುದು ಅನಂತರದ ಲಾಭ. ಯಂತ್ರವು ಹುಟ್ಟಿದುದು ಒಂದು ಕಾರ್ಯಾಗಾರದಲ್ಲಿ, ತೇವವನ್ನು ಹತೋಟಿಗೆ ತರುವುದಕ್ಕಾಗಿ.

ನಮ್ಮ ಸೀಮೆಯ ಗಾಳಿಯನ್ನು ಈಗ ನೋಡೋಣ. ಮೇ ತಿಂಗಳ ಒಂದು ಮಧ್ಯಾಹ್ನ ಉಷ್ಣತೆ 40 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡಾ 20 ಇದ್ದರೆ, ಒಂದು ಘನಮೀಟರ್ ಗಾಳಿಯಲ್ಲಿರುವ ನೀರಿನ ಆವಿ ಸುಮಾರು 10 ಗ್ರಾಂ. ಮೃಗಶಿರಾ ಮಳೆ ಹಿಡಿದು ಮೋಡ ಕವಿದ ಮೇಲೆ, ಉಷ್ಣತೆ 27ಕ್ಕೆ ಇಳಿದು ಆರ್ದ್ರತೆ ಶೇಕಡಾ 85ಕ್ಕೆ ಏರಿದಾಗ, ಅಷ್ಟೇ ಗಾಳಿಯಲ್ಲಿ ಸುಮಾರು 22 ಗ್ರಾಂ ನೀರಿರುತ್ತದೆ. ಉರಿಬಿಸಿಲಿನ ಗಾಳಿಗಿಂತ ತಂಪಾದ ಮಳೆಗಾಲದ ಗಾಳಿಯು ಎರಡು ಪಟ್ಟು ನೀರನ್ನು ಹೊತ್ತಿದೆಯೆಂಬ ಈ ಸಂಗತಿಯನ್ನು ಚರ್ಮವು ಬಲ್ಲದು: ಬೆವರು ಆರದೆ ಮೈಗೆ ಅಂಟುತ್ತದೆ, ಬೀಸಣಿಗೆಯ ಕೆಳಗೆ ಕುಳಿತರೂ ಕಸಿವಿಸಿ ಹೋಗುವುದಿಲ್ಲ.

ಈ ಭೇದದಿಂದಲೇ ಕೂಲರಿನ ಯೋಗ್ಯತೆಯೂ ಅದರ ಮಿತಿಯೂ ನಿರ್ಣಯವಾಗುತ್ತವೆ. ಲಾವಂಚದ ತಟ್ಟಿಗೆ ನೀರು ಚಿಮುಕಿಸಿ ಬಾಗಿಲಿಗೆ ಕಟ್ಟುತ್ತಿದ್ದ ಹಳೆಯ ಪದ್ಧತಿಗೂ ಇಂದಿನ ಕೂಲರಿಗೂ ತತ್ತ್ವವೊಂದೇ; ನೀರು ಆವಿಯಾಗುವಾಗ ಗಾಳಿಯಿಂದ ಉಷ್ಣವನ್ನು ಸೆಳೆದುಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2400 ಕಿಲೋಜೌಲ್ ಉಷ್ಣ ಬೇಕು. ಒಣಗಿದ ಮೇ ತಿಂಗಳಲ್ಲಿ ಒಳ್ಳೆಯ ಕೂಲರು 40 ಡಿಗ್ರಿಯ ಗಾಳಿಯನ್ನು 26–28ಕ್ಕೆ ಇಳಿಸಬಲ್ಲುದು. ಅಲ್ಪ ವಿದ್ಯುತ್ತಿನಲ್ಲಿ ಇಷ್ಟು ಉಪಕಾರವನ್ನು ಮಾಡುವ ಬೇರೊಂದು ಯಂತ್ರವಿಲ್ಲ. ಆದರೆ 27 ಡಿಗ್ರಿಯೂ ಶೇಕಡಾ 85ರ ತೇವವೂ ಇರುವ ದಿನ ಅದು ಎಷ್ಟು ತಿರುಗಿದರೂ 25ಕ್ಕಿಂತ ಕೆಳಗೆ ಇಳಿಸಲಾರದು, ಅದೂ ಗಾಳಿಯನ್ನು ತೇವದಿಂದ ಪೂರ್ತಿಯಾಗಿ ತುಂಬಿ. ಯಂತ್ರಶಾಲೆಯಲ್ಲಿ ಇದು ನೇರವಾದ ಹಾನಿ. ಆರ್ದ್ರತೆಯು ಶೇಕಡಾ 60ನ್ನು ಮೀರಿತೆಂದರೆ ಕಬ್ಬಿಣದ ತುಕ್ಕು ಒಮ್ಮೆಲೇ ವೇಗವಾಗಿ ಬೆಳೆಯುತ್ತದೆಂಬುದನ್ನು ಬ್ರಿಟಿಷ್ ವಿಜ್ಞಾನಿ ವರ್ನನ್ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ತೋರಿಸಿಕೊಟ್ಟಿದ್ದನು. ಮಳೆಗಾಲದಲ್ಲಿ ಲೇತಿನ ಬೆಡ್ಡಿನ ಮೇಲೆ ಕೂಲರಿನ ಗಾಳಿಯನ್ನು ಹಾಯಿಸುವುದೆಂದರೆ ತುಕ್ಕನ್ನು ಕರೆದು ತಂದಂತೆ.

ಇನ್ನು ಏ.ಸಿ.ಯ ಕಾರ್ಯವಿಧಾನ. ಅದರೊಳಗಿನ ತಣ್ಣನೆಯ ಕಾಯಿಲಿನ ಮೇಲೆ ಕೋಣೆಯ ಗಾಳಿಯು ಹಾಯ್ದಾಗ, ತಂಪು ನೀರು ತುಂಬಿದ ಹಿತ್ತಾಳೆಯ ಲೋಟದ ಹೊರಮೈಯಂತೆ, ಕಾಯಿಲು ಹನಿಯೊಡೆಯುತ್ತದೆ. ಆ ನೀರು ನಳಿಗೆಯ ಮೂಲಕ ಹೊರಗೆ ಬೀಳುತ್ತದೆ. ತೇವದ ದಿನ ಒಂದೂವರೆ ಟನ್ನಿನ ಯಂತ್ರವು ಗಂಟೆಗೆ ಒಂದೆರಡು ಲೀಟರನ್ನು ಸುಲಭವಾಗಿ ಹೊರಗೆ ಹಾಕೀತು. ಟನ್ ಎಂದರೆ ಯಂತ್ರದ ತೂಕವಲ್ಲ. 2000 ಪೌಂಡ್ ಮಂಜುಗಡ್ಡೆಯನ್ನು 24 ಗಂಟೆಗಳಲ್ಲಿ ಕರಗಿಸುವಷ್ಟು ಉಷ್ಣವನ್ನು ಹೊರಗೆ ಸಾಗಿಸುವ ಸಾಮರ್ಥ್ಯವದು. ಇಂದಿನ ಮಾನದಲ್ಲಿ ಸುಮಾರು 3.5 ಕಿಲೋವ್ಯಾಟ್.

ಕೊಳ್ಳುವವರು ತಪ್ಪುವುದು ಇಲ್ಲಿಯೇ. ಚಿಕ್ಕ ಕೋಣೆಗೆ ದೊಡ್ಡ ಯಂತ್ರವನ್ನು ತಂದರೆ, ಅದು ಕೆಲವೇ ನಿಮಿಷಗಳಲ್ಲಿ ಬೇಕಾದಷ್ಟು ತಂಪು ಮಾಡಿ ಕಂಪ್ರೆಸರನ್ನು ನಿಲ್ಲಿಸಿಬಿಡುತ್ತದೆ, ಏತಕ್ಕೆಂದರೆ ಅದರ ಥರ್ಮೋಸ್ಟಾಟಿಗೆ ಉಷ್ಣತೆಯು ತಿಳಿಯುತ್ತದೆಯೇ ಹೊರತು ತೇವವು ತಿಳಿಯುವುದಿಲ್ಲ. ಆಮೇಲೆ ಪಂಖವು ಮಾತ್ರ ತಿರುಗುತ್ತಾ, ಕಾಯಿಲಿಗೆ ಅಂಟಿದ್ದ ನೀರನ್ನು ಪುನಃ ಕೋಣೆಗೇ ಹಿಂದಿರುಗಿಸುತ್ತದೆ. ಕೋಣೆಯು ತಂಪಾಗಿರುತ್ತದೆ, ಆದರೆ ತೇವವಾಗಿಯೂ ಇರುತ್ತದೆ. ಮಿತವಾದ ಸಾಮರ್ಥ್ಯದ ಯಂತ್ರವು ದೀರ್ಘಕಾಲ ಎಡೆಬಿಡದೆ ನಡೆದರೆ ಒಣಗಿಸುವ ಕೆಲಸವು ಚೆನ್ನಾಗಿ ಆಗುತ್ತದೆ. ಕೊಳ್ಳುವ ಯಂತ್ರದಲ್ಲಿ 'ಡ್ರೈ' ಎಂಬ ಗುಂಡಿ ಇದೆಯೇ ಎಂದು ನೋಡುವುದು ಒಳ್ಳೆಯದು. ನಕ್ಷತ್ರಗಳ ಚೀಟಿಯು ವಿದ್ಯುತ್ತಿನ ಉಳಿತಾಯವನ್ನು ಸತ್ಯವಾಗಿ ಹೇಳುತ್ತದೆ. ತೇವವನ್ನು ತೆಗೆಯುವ ಶಕ್ತಿಯನ್ನು ಪ್ರತ್ಯೇಕವಾಗಿ ಹೇಳುವುದಿಲ್ಲ.

ಹಾಗೆಂದು ಕೋಣೆಯ ಚದರಡಿಯನ್ನಷ್ಟೇ ಅಳೆದು ಟನ್ನನ್ನು ನಿಶ್ಚಯಿಸುವುದೂ ಸಲ್ಲದು. ಹತ್ತು ಅಡಿ ಅಗಲ ಹನ್ನೆರಡು ಅಡಿ ಉದ್ದದ ಕೋಣೆಗೆ, ಒಳಗೆ ಇಬ್ಬರು ಕುಳಿತು ಕೆಲಸ ಮಾಡುವುದಷ್ಟೇ ಆದರೆ, ಸಾಮಾನ್ಯವಾಗಿ ಒಂದು ಟನ್ ಸಾಕು. ಆದರೆ ಅದೇ ಕೋಣೆಯಲ್ಲಿ 5 ಅಶ್ವಶಕ್ತಿಯ ಮೋಟಾರು ಪೂರ್ಣಭಾರದಲ್ಲಿ ನಡೆಯುತ್ತಿದ್ದರೆ, ಅದು ವ್ಯಯಿಸುವ ಶಕ್ತಿಯು ಕೊನೆಗೆ ಉಷ್ಣವಾಗಿ ಅಲ್ಲಿಯೇ ಉಳಿಯುವುದರಿಂದ, ಮೋಟಾರೊಂದಕ್ಕೇ ಒಂದು ಟನ್ನಿಗಿಂತ ಹೆಚ್ಚು ಬೇಕಾಗುತ್ತದೆ. ಗೋಡೆಗಿಂತ ಮೊದಲು ಯಂತ್ರಗಳನ್ನು ಎಣಿಸಬೇಕು.

ಇಡೀ ಶೆಡ್ಡಿಗೆ ಏ.ಸಿ. ಹಾಕಿಸುವ ವಿಚಾರವನ್ನು ಬಿಡುವುದೇ ಲೇಸೆಂದು ನನ್ನ ದೃಢವಾದ ಅಭಿಪ್ರಾಯ. ಲಾರಿಯು ಒಳಗೆ ಬರುವಷ್ಟು ದೊಡ್ಡ ಬಾಗಿಲು ಸದಾ ತೆರೆದಿರುವಲ್ಲಿ, ವೆಲ್ಡಿಂಗಿನ ಹೊಗೆಯನ್ನು ಹೊರದೂಡಲೇಬೇಕಾದಲ್ಲಿ, ತಣಿಸಿದ ಗಾಳಿಯು ನಿಲ್ಲುವುದಿಲ್ಲ. ಶೆಡ್ಡಿನ ಮೇಲ್ಛಾವಣಿಗೆ ಬಿಳಿಯ ಬಣ್ಣ, ಎತ್ತರದಲ್ಲಿ ಹೊಗೆ ಹೋಗುವ ಕಿಂಡಿಗಳು, ಬೇಸಿಗೆಗೆ ಕೂಲರು, ಮಳೆಗಾಲಕ್ಕೆ ದೊಡ್ಡ ಪಂಖ, ಇಷ್ಟು ಸಾಕು. ಏ.ಸಿ.ಯು ಸಲ್ಲುವುದು ಶೆಡ್ಡಿನೊಳಗೆ ಬೇರೆಯಾಗಿ ಕಟ್ಟಿದ, ಬಿಗಿಯಾದ ಬಾಗಿಲಿನ ಚಿಕ್ಕ ಕೋಣೆಗೆ: ಡೀಸೆಲ್ ಪಂಪುಗಳನ್ನೂ ನಾಜಲುಗಳನ್ನೂ ಬಿಚ್ಚಿ ಸರಿಮಾಡುವಲ್ಲಿಗೆ, ಮೈಕ್ರೋಮೀಟರಿನಿಂದ ಅಳತೆ ತೆಗೆಯುವಲ್ಲಿಗೆ. ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿಯ ಏರಿಕೆಗೆ ಮಿಲಿಮೀಟರಿನ ಸಾವಿರದ ಸುಮಾರು ಹನ್ನೊಂದು ಭಾಗದಷ್ಟು ಹಿಗ್ಗುತ್ತದಾದ್ದರಿಂದ, ಅಲ್ಲಿ ಉಷ್ಣತೆಯು ಸ್ಥಿರವಾಗಿರುವುದೂ ಅವಶ್ಯ.

ಆ ಕೋಣೆಯಲ್ಲಿ ಒಂದು ಎಚ್ಚರವನ್ನು ಎಲ್ಲರೂ ಪಾಲಿಸಬೇಕು. ಆಷಾಢದ ಆ 27 ಡಿಗ್ರಿಯ ತೇವಗಾಳಿಯ ತುಷಾರಬಿಂದು ಸುಮಾರು 24 ಡಿಗ್ರಿ. ಅಂದರೆ 24ಕ್ಕಿಂತ ತಣ್ಣಗಿರುವ ಯಾವ ಲೋಹವನ್ನು ಮುಟ್ಟಿದರೂ ಆ ಗಾಳಿಯು ಅಲ್ಲಿ ನೀರನ್ನು ಬಿಡುತ್ತದೆ. ಹಗಲೆಲ್ಲ 20ಕ್ಕೆ ಇಟ್ಟು, ಸಂಜೆ ಯಂತ್ರ ನಿಲ್ಲಿಸಿ ಬಾಗಿಲನ್ನು ತೆರೆದರೆ, ಮೇಜಿನ ಮೇಲಿರುವ ಸ್ಲಿಪ್ ಗೇಜುಗಳೂ ಪಂಪಿನ ಪ್ಲಂಜರುಗಳೂ ಕಣ್ಣೆದುರಿಗೇ ಮಂಕಾಗಿ ಬೆವರುತ್ತವೆ. ಬೆಳಗಾಗುವಷ್ಟರಲ್ಲಿ ಅವುಗಳ ಮೇಲೆ ಕಂದುಚುಕ್ಕೆಗಳು ಮೂಡಿರುತ್ತವೆ. 26ಕ್ಕೆ ಇಟ್ಟರೆ ಈ ಅನರ್ಥವಿಲ್ಲ, ವಿದ್ಯುತ್ತೂ ಉಳಿಯುತ್ತದೆ.

ಒಳಗೆ ತುಂಬುವ ಗ್ಯಾಸನ್ನು ಕುರಿತು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ, ಯಂತ್ರಶಾಲೆಯವರು ಕೇಳಲೇಬೇಕು. ಈಗ ಬಹಳವಾಗಿ ಬಳಕೆಯಲ್ಲಿರುವ ಆರ್-32 ಮಂದವಾಗಿ ಹೊತ್ತಿಕೊಳ್ಳುವ ಗುಣವುಳ್ಳದ್ದು; ಆರ್-290 ಎಂಬುದು ಪ್ರೋಪೇನ್, ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಮನೆಯಲ್ಲಿ ಕ್ರಮವಾಗಿ ಅಳವಡಿಸಿದಾಗ ಇವು ಭಯಕಾರಕವಲ್ಲ. ಆದರೆ ಗ್ರೈಂಡರಿನ ಕಿಡಿಯೂ ಗ್ಯಾಸ್ ಕಟಿಂಗಿನ ಜ್ವಾಲೆಯೂ ಹತ್ತಿರವಿರುವಲ್ಲಿ ಗ್ಯಾಸಿನ ಕೊಳವೆಗಳನ್ನು ಕೆಲಸದ ಜಾಗದಿಂದ ದೂರವಾಗಿ ಒಯ್ಯಬೇಕು, ಬೆಸುಗೆಯ ಕೆಲಸವನ್ನು ತರಬೇತಾದ ಮೆಕ್ಯಾನಿಕನಿಂದಲೇ ಮಾಡಿಸಬೇಕು. ಹೊರಗಿನ ಯೂನಿಟ್ಟು ಸ್ಪ್ರೇ ಪೇಂಟಿನ ಬದಿಯಲ್ಲಿ ಇರಕೂಡದು. ಬಣ್ಣದ ಧೂಳು ಅದರ ರೆಕ್ಕೆಗಳಿಗೆ ಅಂಟಿ ಗಾಳಿಯನ್ನು ಕಟ್ಟುತ್ತದೆ. ವೆಲ್ಡಿಂಗ್ ಮೆಷಿನ್ನಿನ ಲೈನಿನಿಂದ ಏ.ಸಿ.ಗೆ ವಿದ್ಯುತ್ತು ಎಳೆಯಬಾರದು.

ಇಷ್ಟೆಲ್ಲಕ್ಕಿಂತ ಮೊದಲು ಕೊಳ್ಳಬೇಕಾದ ಉಪಕರಣ ಮತ್ತೊಂದಿದೆ: ಕೆಲವೇ ನೂರು ರೂಪಾಯಿಗೆ ಸಿಗುವ ಆರ್ದ್ರತಾಮಾಪಕ. ಅದನ್ನು ಆ ಕೋಣೆಯಲ್ಲಿ ಆಷಾಢದಿಂದ ಭಾದ್ರಪದದವರೆಗೆ ತೂಗುಹಾಕಿ ಬೆಳಿಗ್ಗೆ ಸಂಜೆ ಗುರುತು ಹಾಕಿಕೊಳ್ಳಿರಿ. ಮುಳ್ಳು ಶೇಕಡಾ 60ರ ಕೆಳಗೇ ನಿಂತರೆ ಕೂಲರು ಪಂಖಗಳಲ್ಲಿಯೇ ವರ್ಷವನ್ನು ಕಳೆಯಬಹುದು. ಮೀರಿದರೆ, ಮಿತವಾದ ಟನ್ನಿನ ಏ.ಸಿ.ಯೊಂದನ್ನು ನಿಸ್ಸಂಕೋಚವಾಗಿ ತನ್ನಿರಿ.