ಗಾಯ ಮಾಯ್ದರೂ ಮಾಯದ ನೋವು

ಕಳೆದ ಜಾತ್ರಾ ಮಹೋತ್ಸವದ ಸಂದರ್ಭದಲ್ಲಿ ಶ್ರೀಮಠದ ಆವರಣದಲ್ಲಿ ನಡೆದ ಆರೋಗ್ಯ ತಪಾಸಣಾ ಶಿಬಿರಕ್ಕೆ ಸುಮಾರು ಐವತ್ತೈದು ವಯಸ್ಸಿನ ತಾಯಿಯೊಬ್ಬರು ಬಂದಿದ್ದರು. ಕೈಯಲ್ಲಿ ಎಕ್ಸ್‌ರೇ, ಸ್ಕ್ಯಾನಿಂಗ್ ಫಿಲ್ಮುಗಳು ತುಂಬಿದ ಚೀಲ. ಏಳು ವರ್ಷಗಳಿಂದ ಸೊಂಟನೋವು. "ಒಬ್ಬರು ಮಣಿ ಸವದಾವ ಅಂತಾರ, ಇನ್ನೊಬ್ಬರು ಏನೂ ಇಲ್ಲ ಅಂತಾರ. ಮನ್ಯಾಗ ಮಗ, ಸೊಸಿ ಇಬ್ಬರೂ ಇದೆಲ್ಲಾ ನಾಟಕ ಅಂತಾರ. ಖರೇನ ನೋಯ್ತದ್ರಿ ಡಾಕ್ಟ್ರ" ಎಂದು ಹೇಳುತ್ತ ಅವರು ಕಣ್ಣೀರು ಒರೆಸಿಕೊಂಡರು.

ಗಾಯವಿಲ್ಲ, ಬಾವಿಲ್ಲ, ಮುರಿತವಿಲ್ಲ. ಹಾಗಿದ್ದರೂ ನೋವು ಏಕೆ? ಅದು ನಿಜವೇ, ಮನಸ್ಸಿನ ಕಲ್ಪನೆಯೇ? ಆ ತಾಯಿಯಂತೆ ನಮ್ಮ ಸದ್ಭಕ್ತರಲ್ಲಿ ಅನೇಕರು ಈ ಪ್ರಶ್ನೆಯನ್ನು ಹೊತ್ತು ತಿರುಗುತ್ತಿದ್ದಾರೆ. ಕಳೆದ ಅರುವತ್ತು ವರ್ಷಗಳ ವೈಜ್ಞಾನಿಕ ಸಂಶೋಧನೆ ಇದಕ್ಕೆ ಸಾಕಷ್ಟು ಸ್ಪಷ್ಟವಾದ ಉತ್ತರ ನೀಡಿದೆ. ಅದನ್ನು ಈ ಸಂಚಿಕೆಯಲ್ಲಿ ತಿಳಿಸಲು ಯತ್ನಿಸುತ್ತೇವೆ.

ನೋವು ಎಂಬ ಕಾವಲುಗಾರ

ನೋವು ದೇಹದ ಕಾವಲುಗಾರ. ಕಾದ ಹಂಚಿಗೆ ಬೆರಳು ತಾಗಿದೊಡನೆ ಕೈ ಹಿಂದೆ ಸರಿಯುತ್ತದೆ. ಮುಳ್ಳು ಚುಚ್ಚಿದ ಕಾಲನ್ನು ಊರದೆ ನಡೆಯುತ್ತೇವೆ. "ನೋವೇ ಇಲ್ಲದಿದ್ದರೆ ಎಷ್ಟು ಚೆನ್ನ" ಎನ್ನುವವರು ಒಂದು ಸಂಗತಿಯನ್ನು ಅರಿಯಬೇಕು. ಉತ್ತರ ಪಾಕಿಸ್ತಾನದ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ನೋವನ್ನರಿಯದ ಮಕ್ಕಳಿದ್ದರು. ಅವರ ತುಟಿ, ನಾಲಿಗೆಗಳಲ್ಲಿ ತಾವೇ ಕಚ್ಚಿಕೊಂಡ ಗಾಯಗಳಿದ್ದವು. ಮೂಳೆ ಮುರಿದರೂ ತಿಳಿಯುತ್ತಿರಲಿಲ್ಲ. ಅಂಥ ಒಬ್ಬ ಬಾಲಕ ಬೀದಿಯಲ್ಲಿ ತೋಳಿಗೆ ಕತ್ತಿ ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ಜನರನ್ನು ಬೆರಗುಗೊಳಿಸುತ್ತಿದ್ದ. ಹದಿನಾಲ್ಕು ತುಂಬುವ ಮೊದಲೇ ಮಾಳಿಗೆಯಿಂದ ಜಿಗಿದು ಮೃತನಾದ. ನರಗಳಲ್ಲಿ ನೋವಿನ ಸಂದೇಶವನ್ನು ಸಾಗಿಸುವ ಒಂದು ಸೂಕ್ಷ್ಮ ದ್ವಾರವನ್ನು ರೂಪಿಸುವ ಜೀನು ಇವರಲ್ಲಿ ಕೆಟ್ಟಿದೆಯೆಂದು 2006ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ಆದುದರಿಂದ ಕಾವಲುಗಾರ ಬೇಕೇ ಬೇಕು. ಆದರೆ ಕಳ್ಳ ಹೋದ ಮೇಲೂ ರಾತ್ರಿಯಿಡೀ ಕೂಗುವ ಕಾವಲುಗಾರನಿಂದ ಮನೆಯವರಿಗೆ ನಿದ್ದೆಯಿಲ್ಲ. ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲಿಕ ನೋವು ಎನ್ನುತ್ತಾರೆ. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವನ್ನೇ ನೀಡಲಾಗಿದೆ. ಬೇರೆ ಯಾವ ರೋಗವೂ ಕಾಣದಿದ್ದರೂ ಬಹುದಿನದ ನೋವು ತಾನೇ ಒಂದು ರೋಗವಾಗಿರಬಲ್ಲದು ಎಂಬುದು ಇದರ ತಾತ್ಪರ್ಯ.

ಗಂಟೆಯ ಹಗ್ಗವೋ, ಬಾಗಿಲೋ?

ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟನ ಗ್ರಂಥವೊಂದು ಅವನ ಮರಣಾನಂತರ 1664ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾಯಿತು. ಹಗ್ಗದ ಒಂದು ತುದಿ ಎಳೆದರೆ ಇನ್ನೊಂದು ತುದಿಯ ಗಂಟೆ ಬಾರಿಸುವಂತೆ, ಕಾಲಿಗೆ ಬೆಂಕಿ ತಾಗಿದರೆ ನರದ ಮೂಲಕ ಮಿದುಳಿನಲ್ಲಿ ನೋವು ಉಂಟಾಗುತ್ತದೆ ಎಂಬುದು ಅವನ ವಿವರಣೆ. ಗಾಯವೆಷ್ಟೋ ನೋವಷ್ಟು ಎಂದೇ ಮುಂದೆ ಮುನ್ನೂರು ವರ್ಷ ವೈದ್ಯರು ನಂಬಿದರು.

ಎರಡನೆಯ ಮಹಾಯುದ್ಧ ಈ ನಂಬಿಕೆಯನ್ನು ಅಲುಗಿಸಿತು. ಇಟಲಿಯ ಯುದ್ಧಭೂಮಿಯಲ್ಲಿದ್ದ ಅಮೆರಿಕದ ವೈದ್ಯ ಹೆನ್ರಿ ಬೀಚರ್, ಭೀಕರವಾಗಿ ಗಾಯಗೊಂಡ ಸೈನಿಕರನ್ನು "ನೋವಿಗೆ ಔಷಧಿ ಬೇಕೆ?" ಎಂದು ಕೇಳಿದಾಗ ಸುಮಾರು ಮುಕ್ಕಾಲು ಭಾಗ ಮಂದಿ ಬೇಡವೆಂದರು. ಜೀವ ಉಳಿಯಿತು, ಇನ್ನು ಊರಿಗೆ ಮರಳಬಹುದು ಎಂಬ ಭಾವವೇ ಅವರ ನೋವನ್ನು ತಗ್ಗಿಸಿರಬೇಕೆಂದು ಬೀಚರ್ 1946ರಲ್ಲಿ ಬರೆದರು.

1965ರಲ್ಲಿ ಕೆನಡಾದ ರೊನಾಲ್ಡ್ ಮೆಲ್ಜಾಕ್ ಮತ್ತು ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್ ಹೊಸ ಸಿದ್ಧಾಂತವನ್ನು ಮಂಡಿಸಿದರು. ಬೆನ್ನುಹುರಿಯಲ್ಲಿ ಬಾಗಿಲಿನಂಥ ಒಂದು ವ್ಯವಸ್ಥೆಯಿದೆ. ಕೆಳಗಿನಿಂದ ಬರುವ ಸಂದೇಶ ಅಲ್ಲಿ ಹಿಗ್ಗಬಹುದು, ಕುಗ್ಗಬಹುದು. ಮಿದುಳು ಕೂಡ ಮೇಲಿನಿಂದ ಆ ಬಾಗಿಲನ್ನು ತೆರೆಯಬಲ್ಲದು, ಮುಚ್ಚಬಲ್ಲದು. ಪೆಟ್ಟು ಬಿದ್ದ ಮೊಣಕೈಯನ್ನು ನಾವು ತಟ್ಟನೆ ಉಜ್ಜಿಕೊಳ್ಳುವುದೇಕೆ? ಸ್ಪರ್ಶದ ಸಂದೇಶವು ನೋವಿನ ಸಂದೇಶಕ್ಕೆ ಬಾಗಿಲನ್ನು ಕಿರಿದು ಮಾಡುತ್ತದೆ. ನಮ್ಮ ಆಯುರ್ವೇದದ ಅಭ್ಯಂಗ, ಶಾಖಗಳಿಂದ ಒಡನೆಯೇ ಹಿತವೆನಿಸುವುದಕ್ಕೂ ಇದು ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

1983ರಲ್ಲಿ ಕ್ಲಿಫರ್ಡ್ ವೂಲ್ಫ್ ಇಲಿಗಳ ಮೇಲೆ ನಡೆಸಿದ ಪ್ರಯೋಗದಿಂದ ಮತ್ತೊಂದು ಹೆಜ್ಜೆ ಮುಂದಿಟ್ಟರು. ಗಾಯವಾದ ಮೇಲೆ ಬೆನ್ನುಹುರಿಯ ನರಕೋಶಗಳೇ ಬದಲಾಗಿ, ಸಣ್ಣ ಸ್ಪರ್ಶಕ್ಕೂ ಹೆಚ್ಚಾಗಿ ಸ್ಪಂದಿಸತೊಡಗುತ್ತವೆ ಎಂಬುದು ಅವರು ಕಂಡ ಸತ್ಯ. ಜಾತ್ರೆಯ ಧ್ವನಿವರ್ಧಕವನ್ನು ನೆನೆಯಿರಿ. ವಾಲ್ಯೂಮನ್ನು ಅತಿಯಾಗಿ ಹೆಚ್ಚಿಸಿದರೆ ಮೈಕಿನ ಮುಂದೆ ಯಾರೂ ಮಾತನಾಡದಿದ್ದರೂ ಅದು ಕಿರುಚುತ್ತದೆ. ದೀರ್ಘಕಾಲದ ನೋವಿನಲ್ಲಿ ಅನೇಕರ ನರಮಂಡಲದ ಸ್ಥಿತಿ ಹೀಗಿರುತ್ತದೆ. ಕಿರುಚುವ ಸದ್ದು ಸುಳ್ಳಲ್ಲ. ಕೇಳುವವರ ಕಿವಿಗೆ ಅದು ನಿಜವೇ. ನಿದ್ರಾಹೀನತೆ, ಚಿಂತೆ, ಭಯ, ಒಂಟಿತನಗಳು ಈ ವಾಲ್ಯೂಮನ್ನು ಮತ್ತಷ್ಟು ಏರಿಸುತ್ತವೆ.

ಮೆಣಸಿನಕಾಯಿ ತೆರೆದ ದಾರಿ

ನಮ್ಮ ಮನೆಗಳ ಮೆಣಸಿನಕಾಯಿಯೂ ಈ ಸಂಶೋಧನೆಗೆ ನೆರವಾಗಿದೆ. ಖಾರ ತಿಂದಾಗ ಬಾಯಿ ಉರಿಯುವುದೇಕೆ ಎಂದು ಹುಡುಕುತ್ತ ಹೋದ ಅಮೆರಿಕದ ಡೇವಿಡ್ ಜೂಲಿಯಸ್, ಸುಡುವ ಶಾಖವನ್ನೂ ಖಾರವನ್ನೂ ಗುರುತಿಸುವ ದ್ವಾರವೊಂದು ನರತುದಿಗಳಲ್ಲಿದೆ ಎಂಬುದನ್ನು 1997ರಲ್ಲಿ ತೋರಿಸಿದರು. ಸ್ಪರ್ಶವನ್ನರಿಯುವ ದ್ವಾರಗಳನ್ನು ಕಂಡುಹಿಡಿದ ಆರ್ಡೆಮ್ ಪಟಾಪೌಟಿಯನ್ ಅವರೊಂದಿಗೆ 2021ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಖಾರದ ಸಾರವಿರುವ ಮುಲಾಮು, ಪಟ್ಟಿಗಳು ಕೆಲವು ಬಗೆಯ ನರನೋವಿಗೆ ಬಳಕೆಯಲ್ಲಿವೆ. ನರದ ಇಂಥದೇ ಇನ್ನೊಂದು ದ್ವಾರವನ್ನು ತಡೆಯುವ ಸುಜೆಟ್ರಿಜಿನ್ ಎಂಬ ಹೊಸ ಔಷಧಿಗೆ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಅಫೀಮಿನ ವರ್ಗಕ್ಕೆ ಸೇರಿದುದಲ್ಲವೆಂಬುದು ಸಮಾಧಾನದ ಸಂಗತಿ. ಆದರೆ ಆ ಅನುಮತಿ ಶಸ್ತ್ರಚಿಕಿತ್ಸೆಯ ನಂತರದ ನೋವಿನಂಥ ಅಲ್ಪಕಾಲದ ನೋವಿಗೆ ಮಾತ್ರ. ಬಹುದಿನದ ನೋವನ್ನು ಒಂದೇ ಗುಳಿಗೆಯಲ್ಲಿ ಕಳೆಯುವ ಔಷಧಿ ಇನ್ನೂ ಬಂದಿಲ್ಲ.

ನಾವು ಮಾಡಿದ ತಪ್ಪು

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ವೃತ್ತಿಯ ಮೊದಲ ಅನೇಕ ವರ್ಷ ನಾವು ಫಿಲ್ಮನ್ನು ಬೆಳಕಿಗೆ ಹಿಡಿದು, "ಮಣಿ ಸವೆದಿದೆ, ಇನ್ನು ಬಗ್ಗಬೇಡಿ, ಭಾರ ಎತ್ತಬೇಡಿ" ಎಂದು ಹೇಳಿ ಕಳುಹಿಸುತ್ತಿದ್ದೆವು. 1994ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಬಹಳ ತಡವಾಗಿ ಓದಿದೆವು. ಬೆನ್ನುನೋವೇ ಇಲ್ಲದ 98 ಮಂದಿಯ ಸ್ಕ್ಯಾನಿಂಗ್ ಮಾಡಿದಾಗ, ಎಲ್ಲ ಡಿಸ್ಕುಗಳೂ ಸರಿಯಿದ್ದವರು ಶೇ. 36 ಮಂದಿ ಮಾತ್ರ, ಶೇ. 52 ಮಂದಿಯಲ್ಲಿ ಡಿಸ್ಕು ಉಬ್ಬಿತ್ತು. ತಲೆಗೂದಲು ನರೆಯುವಂತೆ ಬೆನ್ನಿನ ಮಣಿಗಳೂ ವಯಸ್ಸಿನೊಡನೆ ಬದಲಾಗುತ್ತವೆ. ಫಿಲ್ಮಿನಲ್ಲಿ ಕಂಡದ್ದೆಲ್ಲ ನೋವಿನ ಕಾರಣವಲ್ಲ. ನಮ್ಮ ಮಾತಿನಿಂದ ಹೆದರಿ ಹಾಸಿಗೆ ಹಿಡಿದವರು, ಹೊಲದ ಕೆಲಸ ಬಿಟ್ಟವರು ಎಷ್ಟು ಮಂದಿಯೋ! ಭಯವೂ ನೋವನ್ನು ಬೆಳೆಸುತ್ತದೆಂಬುದು ಆಗ ನಮಗೆ ತಿಳಿದಿರಲಿಲ್ಲ.

ಈ ಭಯವನ್ನೇ ಚಿಕಿತ್ಸೆಯ ಗುರಿಯಾಗಿಸಿದ ಪ್ರಯೋಗವೊಂದು ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಬಹುಕಾಲದ ಬೆನ್ನುನೋವಿನ 151 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನಾಲ್ಕು ವಾರಗಳ ಕಾಲ, ನೋವು ಅಪಾಯದ ಸೂಚನೆಯಲ್ಲವೆಂದು ಮನವರಿಕೆ ಮಾಡಿಸಿ, ಅಂಜದೆ ಚಲಿಸಲು ಕಲಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಗುಂಪಿನ ಶೇ. 66 ಮಂದಿಯ ನೋವು ಪೂರ್ಣವಾಗಿ ಅಥವಾ ಬಹುಮಟ್ಟಿಗೆ ಶಮನವಾಯಿತು. ಔಷಧಿಯಿಲ್ಲದ ತೋರಿಕೆಯ ಚುಚ್ಚುಮದ್ದು ಪಡೆದವರಲ್ಲಿ ಅದು ಶೇ. 20, ಎಂದಿನ ಚಿಕಿತ್ಸೆಯಲ್ಲೇ ಉಳಿದವರಲ್ಲಿ ಶೇ. 10. ಸಂಧಿವಾತ, ಮುರಿತ, ಗೆಡ್ಡೆಗಳಿಂದಾದ ನೋವಿಗೆ ಇದು ಅನ್ವಯಿಸದು. ಒಂದು ಅಧ್ಯಯನದಿಂದ ಎಲ್ಲವೂ ಸಿದ್ಧವಾಗುವುದೂ ಇಲ್ಲ. ಆದರೂ ನರಮಂಡಲ ಕಲಿತ ನೋವನ್ನು ಮರೆಯಿಸಲು ಸಾಧ್ಯವೆಂಬ ಭರವಸೆಯನ್ನು ಇದು ನೀಡಿದೆ.

ನಾವು ಮಾಡಬೇಕಾದುದೇನು?

ಮೊದಲು ವೈದ್ಯರಿಂದ ತಪಾಸಣೆ ಆಗಲೇಬೇಕು. ಸೊಂಟನೋವಿನೊಡನೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಕಾಲಿನ ಬಲ ಕುಂದುವುದು, ತೊಡೆಗಳ ನಡುವೆ ಜೋಮು, ಮಲಮೂತ್ರದ ಹಿಡಿತ ತಪ್ಪುವುದು, ಹಿಂದೆ ಕ್ಯಾನ್ಸರ್ ಆಗಿರುವುದು, ಬಿದ್ದು ಪೆಟ್ಟಾಗಿರುವುದು – ಇವುಗಳಲ್ಲಿ ಒಂದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಅಂಥ ಅಪಾಯವಿಲ್ಲವೆಂದು ಖಚಿತವಾದ ಮೇಲೆ ನಡಿಗೆಯನ್ನು ಆರಂಭಿಸಿರಿ. ಹತ್ತು ನಿಮಿಷ ಸಾಧ್ಯವಾದರೆ ಹತ್ತು, ಐದಾದರೆ ಐದು. ನೋವು ಕಡಿಮೆಯಾದ ದಿನ ಮನೆಯ ಕೆಲಸವನ್ನೆಲ್ಲ ಒಮ್ಮೆಗೇ ಮುಗಿಸಿ, ಅನಂತರ ಮೂರು ದಿನ ಮಲಗುವ ರೂಢಿ ನಮ್ಮ ತಾಯಂದಿರಲ್ಲಿ ಹೆಚ್ಚು. ಇದು ಸಲ್ಲದು. ಒಳ್ಳೆಯ ದಿನ ಮಿತಿ ಮೀರಬಾರದು, ಕೆಟ್ಟ ದಿನ ಪೂರ್ಣ ಬಿಡಬಾರದು. ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು. ರಾತ್ರಿ ನಿಯತ ಕಾಲಕ್ಕೆ ಮಲಗಬೇಕು. ಎಣ್ಣೆ, ಶಾಖಗಳನ್ನು ಮಾಡಿಸಿಕೊಳ್ಳಿರಿ; ಆದರೆ ಅದರಿಂದ ದೊರೆತ ಹಿತವನ್ನು ಮಲಗಿ ಕಳೆಯದೆ ಚಲನೆಗೆ ಬಳಸಿರಿ.

ನೋವಿನ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಆಯುರ್ವೇದದ ಹೆಸರಿನಲ್ಲಿ, ಚೀಟಿಯಿಲ್ಲದ ಪೊಟ್ಟಣಗಳಲ್ಲಿ ಮಾರುವ ಪುಡಿಗಳ ವಿಷಯದಲ್ಲಿ ಇನ್ನೂ ಎಚ್ಚರವಿರಲಿ. ಎರಡೇ ದಿನದಲ್ಲಿ ನೋವು ಮಾಯವಾದರೆ ಸಂತೋಷಪಡದೆ ಸಂಶಯಪಡಿರಿ. ಅಂಥ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆತಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಆಯುರ್ವೇದ ವೈದ್ಯರಾದ ನಾವೇ ಇದನ್ನು ಹೇಳದಿದ್ದರೆ ಮತ್ತಾರು ಹೇಳಬೇಕು?

ಮನೆಯವರಲ್ಲಿ ಒಂದು ವಿನಂತಿ. ನೋವನ್ನು ಅಳೆಯುವ ಯಂತ್ರವಿಲ್ಲ. ನೋಯುವವರ ಮಾತೇ ಅದರ ಪ್ರಮಾಣ. "ನಾಟಕ" ಎನ್ನಬೇಡಿರಿ. ಹಾಗೆಂದು ಅವರ ಕೈಯಿಂದ ಎಲ್ಲ ಕೆಲಸವನ್ನೂ ಕಸಿದುಕೊಂಡು ಮೂಲೆಯಲ್ಲಿ ಕೂರಿಸಲೂಬೇಡಿರಿ. ಕಾಯಕವಿಲ್ಲದ ದೇಹದಲ್ಲಿ ನೋವು ಇನ್ನಷ್ಟು ಬಲಿಯುತ್ತದೆ.

ಆ ತಾಯಿಯನ್ನು ಮಗನೊಡನೆ ಕರೆಸಿ ಇಷ್ಟನ್ನೂ ತಿಳಿಸಿದ್ದೆವು. ನಾಲ್ಕು ಅಮಾವಾಸ್ಯೆ ಕಳೆದ ಮೇಲೆ ಶ್ರೀಮಠದಲ್ಲಿ ಮತ್ತೆ ಕಂಡರು. "ನೋವು ಪೂರಾ ಹೋಗಿಲ್ರಿ. ಆದ್ರ ಈಗ ದಾಸೋಹದಾಗ ಒಂದ್ ತಾಸು ಕುಂತು ರೊಟ್ಟಿ ಬಡೀತೀನಿ" ಎಂದರು. ಪಕ್ಕದಲ್ಲಿದ್ದ ಮಗ, "ನಮಗ ತಿಳೀದ ಅಂದಿದ್ವಿರಿ" ಎಂದು ತಲೆ ತಗ್ಗಿಸಿದನು. ಈ ಸಲ ಅವರ ಕೈಯಲ್ಲಿ ಫಿಲ್ಮಿನ ಚೀಲವಿರಲಿಲ್ಲ.