ಅರುಷ್ಕರಶಬ್ದವೂ ದೇಹದ ಅತಿಸಂವೇದನೆಯೂ

ಕಾಳೀನದಿಯ ತೀರದ ಕೈಗಾ ಪ್ರಾಂತದ ಕಾಡುಗಳಲ್ಲಿ ಹೊಲಗೇರೆಂಬ ಮರವುಂಟು. ಅದರ ಸೊನೆ ತಗುಲಿದವರಲ್ಲಿ ಕೆಲವರಿಗೆ ಒಂದೆರಡು ದಿನಗಳ ತರುವಾಯ ಮೈ ಕೆಂಪೇರಿ, ತುರಿಕೆ ಹುಟ್ಟಿ, ನೀರ್ಗುಳ್ಳೆಗಳೇಳುವುವು. ಜೊತೆಯಲ್ಲಿದ್ದವನಿಗೆ ಏನೂ ಆಗದಿರುವುದೂ ಉಂಟು. ಇದೇ ಕುಲದ ಕರಿಗೇರಿಗೆ ಸಂಸ್ಕೃತದಲ್ಲಿ ಭಲ್ಲಾತಕವೆಂದು ಹೆಸರು. ಅಮರಕೋಶವು ಅದಕ್ಕೆ ಅರುಷ್ಕರ, ಅಗ್ನಿಮುಖೀ ಎಂಬ ಪರ್ಯಾಯಗಳನ್ನೂ ಹೇಳಿದೆ. ಅರುಸ್ಸೆಂದರೆ ವ್ರಣ, ವ್ರಣವನ್ನುಂಟುಮಾಡುವುದು ಅರುಷ್ಕರ. ಸೊನೆ ಹೆಚ್ಚಾಗಿ ತಗುಲಿದರೆ ಚರ್ಮವನ್ನು ನೇರವಾಗಿ ಸುಡಬಲ್ಲುದಾದುದರಿಂದ ಈ ಹೆಸರು ಅನ್ವರ್ಥವೇ ಸರಿ. ಆದರೆ ಅಲ್ಪಸ್ಪರ್ಶದಿಂದ ಒಬ್ಬನಿಗೆ ವ್ರಣವಾಗಿ ಮತ್ತೊಬ್ಬನಿಗೆ ಆಗದಿರುವುದೇಕೆ?

ಸೊನೆಯ ಎಣ್ಣೆಯಂಶವು ಚರ್ಮದೊಳಕ್ಕಿಳಿದು ಅಲ್ಲಿಯ ಪ್ರೋಟೀನುಗಳೊಡನೆ ಬೆಸೆದುಕೊಳ್ಳುತ್ತದೆ. ಆಗ ಸ್ವಕೀಯವಾದುದೇ ಪರಕೀಯದಂತೆ ತೋರುವುದು. ಚರ್ಮದ ಕಾವಲಿನ ಜೀವಕಣಗಳು ಇದರ ಗುರುತನ್ನು ದುಗ್ಧಗ್ರಂಥಿಗಳಿಗೆ ಒಯ್ದು, ಅಲ್ಲಿರುವ 'ಟಿ' ಜೀವಕಣಗಳಿಗೆ ತೋರಿಸುವುವು. ಪ್ರಥಮಸ್ಪರ್ಶದಲ್ಲಿ ಪ್ರಾಯಶಃ ನಡೆಯುವುದು ಇಷ್ಟೇ. ಈ ಶಿಕ್ಷಣಕ್ಕೆ ಸುಮಾರು 10ರಿಂದ 14 ದಿನಗಳು ಹಿಡಿಯುವುವು. ಪುನಃ ಸ್ಪರ್ಶವಾದಾಗ, ಸ್ಮೃತಿಯುಳ್ಳ ಆ ಕಣಗಳು ಸಾಮಾನ್ಯವಾಗಿ 24ರಿಂದ 72 ಗಂಟೆಗಳಲ್ಲಿ ಅಲ್ಲಿ ನೆರೆದು, ಸೊನೆ ಬೆಸೆದ ಚರ್ಮದ ಕಣಗಳನ್ನೇ ಹಗೆಯೆಂದು ನಾಶಮಾಡುವುವು. ಶಾಬ್ದಿಕರ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಸೊನೆಯು ಪ್ರಯೋಜಕಕರ್ತೃ, ದೇಹವು ಪ್ರಯೋಜ್ಯಕರ್ತೃ.

ಇಂತಹ ಮಾರ್ಪಟ್ಟ ವರ್ತನೆಗೆ 1906ರಲ್ಲಿ ವಿಯೆನ್ನಾದ ಪಿರ್ಕೆ ಎಂಬ ವೈದ್ಯನು ಗ್ರೀಕ್ ಪದಗಳಿಂದ 'ಅಲರ್ಜಿ' ಎಂಬ ಹೆಸರನ್ನು ಕಟ್ಟಿದನು. ಈ ಬಗೆಯ ಚರ್ಮವಿಕಾರವು ರಕ್ತದ ದ್ರವದಿಂದಲ್ಲ, ಜೀವಕಣಗಳಿಂದ ಸಂಕ್ರಮಿಸುವುದೆಂದು 1942ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಚೇಸ್ ಎಂಬವರು ತೋರಿಸಿದರು. 1963ರಲ್ಲಿ ಗೆಲ್ ಮತ್ತು ಕೂಂಬ್ಸ್ ಎಂಬವರು ಅತಿಸಂವೇದನೆಯನ್ನು ನಾಲ್ಕಾಗಿ ವಿಂಗಡಿಸಿದರು. ಸಿಗಡಿ ತಿಂದ ಕೆಲವು ನಿಮಿಷಗಳಲ್ಲೇ ಕೆಲವರಿಗೆ ಏಳುವ ದದ್ದು ಮೊದಲನೆಯ ವರ್ಗದ್ದು. ಅದರಲ್ಲಿ ಪ್ರತಿಕಾಯಗಳ ಪ್ರೇರಣೆಯಿಂದ ಹಿಸ್ಟಮೀನ್ ಹೊರಸೂಸುವುದು. ಸೊನೆಯ ವ್ರಣವು ನಾಲ್ಕನೆಯದು.

ದೇಹಸ್ಮೃತಿಗೆ ಒಂದು ನಿದರ್ಶನವುಂಟು. ಅಗಸರು ಬಟ್ಟೆಗೆ ಗುರುತಿಡಲು ಕರಿಗೇರಿನ ರಸವನ್ನು ಬಳಸುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಭಾರತಕ್ಕೆ ಬಂದ ಅಮೆರಿಕದ ಸೈನಿಕರಿಗೆ ಆ ಗುರುತು ತಾಗಿದೆಡೆಯಲ್ಲೇ ವ್ರಣಗಳಾದುವೆಂದು 1943ರಲ್ಲಿ ವರದಿಯಾಯಿತು. ಅವರ ನಾಡಿನ 'ಪಾಯಿಸನ್ ಐವಿ' ಬಳ್ಳಿಯೂ ಇದೇ ಕುಲದ್ದು. ಅದರಿಂದ ಮೊದಲೇ ಶಿಕ್ಷಿತವಾದ ದೇಹವು ಕರಿಗೇರನ್ನೂ ಹಗೆಯೆಂದೇ ಗುರುತಿಸಬಲ್ಲುದು. ಮಾವೂ ಗೋಡಂಬಿಯೂ ಈ ಕುಲಕ್ಕೇ ಸೇರಿದವಾದುದರಿಂದ, ಅಂಕೋಲೆಯ ಮಾವಿನ ತೋಪಿನಲ್ಲಿಯೂ ಸೊನೆಯ ಬಗೆಗೆ ಎಚ್ಚರ ಬೇಕು.

ಗುಳ್ಳೆಯ ನೀರಿನಿಂದ ಈ ವ್ರಣ ಹರಡದು. ಬಟ್ಟೆಯಲ್ಲಿಯೂ ಕತ್ತಿಯಲ್ಲಿಯೂ ಉಳಿದ ಸೊನೆಯಿಂದ ಹೊಸ ವ್ರಣವಾದೀತು. ಆದುದರಿಂದ ರೋಗಿಯನ್ನು ದೂರವಿಡುವುದು ಅನುಚಿತ. ಸೊನೆಯನ್ನು ಒಡನೆಯೇ ಸಾಬೂನಿನಿಂದ ತೊಳೆಯುವುದೇ ಉಚಿತ.