ಪುಲ್ಲಿಗೊಂದು ಪಟ್ಟು

ಮೋಡ ಕವಿದಿತ್ತು. ದಾಳಿಂಬೆಗೆ ತೇಲ್ಯಾ ರೋಗದ ಅಂಜಿಕೆ, ಮರುದಿನ ಔಷಧ ಹೊಡೆಯಲೇಬೇಕು. ಅಂಥ ಹೊತ್ತಿನಲ್ಲೇ ನಮ್ಮ ಟ್ರ್ಯಾಕ್ಟರಿನ ಮುಂದಿನ ಆಯಿಲ್ ಸೀಲ್ ಹೋಗಿ ಎಣ್ಣೆ ಸೋರತೊಡಗಿತು. ಹೊಸ ಸೀಲ್ ಜತ್ತದಲ್ಲಿ ಸಿಕ್ಕಿತು. ಅದನ್ನು ಕೂಡಿಸಲು ಕ್ರ್ಯಾಂಕ್ ಪುಲ್ಲಿ ಬಿಚ್ಚಬೇಕು. ರೇಡಿಯೇಟರು, ಬೆಲ್ಟು ಇಳಿಸಿದ್ದಾಯಿತು. ಪಾನಾ ಹಾಕಿ ಒತ್ತಿದರೆ ಬೋಲ್ಟಿನ ಸಂಗಡ ಪುಲ್ಲಿಯೂ ತಿರುಗುತ್ತದೆ!

"ಪಾನಾಕ್ಕ ಪೈಪ್ ಹಾಕಿ ಒಮ್ಮೆ ಸ್ಟಾರ್ಟರ್ ಹೊಡೀರಿ ಕಾಕಾ, ತಾನ ಸಡಲತದ" ಅಂದ ಮಗ್ಗಲ ತೋಟದ ಹುಡುಗ. ಬಹಳ ಕಡೆ ಹೀಗೇ ಮಾಡುತ್ತಾರೆ. ಎಂಜಿನ್ ಹೊತ್ತಿಕೊಂಡರೆ ಆ ಪೈಪು ಯಾರ ಮೊಣಕಾಲು ಮುರಿಯುತ್ತದೋ! ಫ್ಲೈವೀಲ್ ಹಲ್ಲಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿದರೆ ಹಲ್ಲೇ ಹೋಗುತ್ತದೆ. ಎರಡೂ ಬ್ಯಾಡ ಅಂದೆ.

ಹಿತ್ತಲ ಭಂಗಾರದಲ್ಲಿ ಟ್ರೇಲರಿನ ಹಳೆ ಪಟ್ಟಿ ಇತ್ತು. 3 ಅಡಿ ಉದ್ದ, 3 ಇಂಚು ಅಗಲ, 10 ಮಿ.ಮೀ. ದಪ್ಪ. (1910ರಲ್ಲಿ ನಮ್ಮ ಸಾಂಗಲಿ ಸೀಮೆಯಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರ ಕಬ್ಬಿಣದ ನೇಗಿಲನ್ನು ಮೊದಮೊದಲು ರೈತರು ಮುಟ್ಟಲಿಲ್ಲ, ಮಣ್ಣಿಗೆ ವಿಷವೇರುತ್ತದೆಂದು ಅಂಜಿದ್ದರು. ಈಗ ನಮ್ಮ ಹಿತ್ತಲ ತುಂಬ ಕಬ್ಬಿಣವೇ.) ಪುಲ್ಲಿಯ ಮುಖದಲ್ಲಿ, ಎಳೆಯುವ ಪುಲ್ಲರ್ ಸಲುವಾಗಿ, ಥ್ರೆಡ್ ಇರುವ ಎರಡು ತೂತು ಇರುತ್ತವೆ. ಮುಖಕ್ಕೆ ಗ್ರೀಸ್ ಸವರಿ, ಔಷಧ ಡಬ್ಬಿಯ ರಟ್ಟು ಒತ್ತಿದೆ, ಅಳತೆ ಮೂಡಿತು. ಅದರಂತೆ ಪಟ್ಟಿಯ ಒಂದು ತುದಿಗೆ ಎರಡು ತೂತು, ನಡುವೆ ಸಾಕೆಟ್ ಹೋಗುವಷ್ಟು ದೊಡ್ಡದೊಂದು. ಲೇತಿನವ ಕೊರೆದುಕೊಟ್ಟ. ಬೋಲ್ಟಿನ ತಲೆಯ ಮೇಲೆ 8.8 ಅಂತ ಇರಬೇಕು, ಹಗುರಾದದ್ದು ಕತ್ತರಿಸುತ್ತದೆ. ಥ್ರೆಡ್ ಪೂರಾ ಹಿಡಿಯಬೇಕು, ಆದರೆ ಹಿಂದೆ ಹೊರಬಂದು ಕವರಿಗೆ ತಾಗಬಾರದು. ತೂತಿಲ್ಲದ ಪುಲ್ಲಿಗೆ ಈ ಉಪಾಯ ನಡೆಯದು. ಅದಕ್ಕೆ ಹಳೆ ಬೆಲ್ಟು ಸುತ್ತಿ ಮೇಲೆ ಚೈನ್ ಪಾನಾ ಬಿಗಿಯಬೇಕು.

ಬ್ಯಾಟರಿ ವಾಯರ್ ಬಿಚ್ಚಿದೆ. ಎದುರು ನಿಂತು ನೋಡಿದರೆ ಪಟ್ಟಿಯ ಬಾಲ ಎಡಕ್ಕೆ, ಕೆಳಗೆ ಕಟ್ಟಿಗೆ ತುಂಡು. ಬೋಲ್ಟನ್ನು ಎಡಕ್ಕೆ ತಿರುವಿದಂತೆ ಬಾಲ ಕಟ್ಟಿಗೆಯ ಮೇಲೆ ಒತ್ತಿ ಕೂಡುತ್ತದೆ. ಬಿಗಿಯುವಾಗ ಬಾಲ ಬಲಕ್ಕೆ. ನಮ್ಮವ್ವನ ತೆಲುಗಿನಲ್ಲಿ ಪಟ್ಟು ಅಂದರೆ ಹಿಡಿತ, ಕನ್ನಡದ ಗರಡಿಯಲ್ಲೂ ಪಟ್ಟು ಪಟ್ಟೇ. ಆ ಹೆಸರೇ ಇದಕ್ಕೆ ನಿಂತಿತು. 'ಟಕ್' ಅಂತ ಬೋಲ್ಟು ಸಡಲಿತು.

ಒಂದು ಮಾತು: ಎಂಜಿನ್ ಚಾಲೂ ಮಾಡುವ ಮೊದಲು ಪಟ್ಟಿ ತೆಗೆದದ್ದು ಎರಡು ಸಲ ನೋಡಿರಿ.

ಬೆಳಗಾಗುತ್ತಲೇ ಔಷಧ ಹೊಡೆದೆವು. ಪಟ್ಟು ಈಗ ಮನೆಯಲ್ಲಿರುವುದೇ ಅಪರೂಪ. ಉಮದಿ ಕಡೆ ಹೋದದ್ದು ಇನ್ನೂ ಬಂದಿಲ್ಲ.